ಹನ್ನೊಂದು ಡಾಲರಿನ ಮೈಲಿಗೆ

ನ್ಯೂಜರ್ಸಿಯ ಸೀಕಾಕಸ್ಸಿನ ಒಂದು ಉಗ್ರಾಣದಲ್ಲಿ ಪೆಟ್ಟಿಗೆ ಎತ್ತಿ ಇಳಿಸುವವರ ಮೇಸ್ತ್ರಿಯಾಗಿದ್ದ ಎಮ್ರಿಸ್ ಪ್ರೋಸರ್ ಎಂಬ ವೇಲ್ಸ್ ದೇಶದ ಭೀಮಸೇನನಿಗೆ ಈ ಜಗತ್ತಿನಲ್ಲಿ ದಾಟಲಾಗದ ವಸ್ತು ಒಂದೇ ಒಂದಿತ್ತು. ಅದು ಅವನೇ ಕೈಯಾರೆ ಎಳೆದ ಸುಣ್ಣದ ಗೆರೆ.

ಶನಿವಾರ ಬೆಳಗಾದರೆ ಅವನು ಕೌಂಟಿ ಪಾರ್ಕಿನ ಹುಲ್ಲಿನ ಮೇಲೆ ಸುಣ್ಣದ ಗಾಲಿಡಬ್ಬಿ ತಳ್ಳುತ್ತ ರಗ್ಬಿ ಆಟಕ್ಕೆ ಗೆರೆ ಎಳೆಯುತ್ತಿದ್ದ. ಅದಕ್ಕೊಂದು ಕ್ರಮವಿತ್ತು. ಒಳಗಿನ ಗೆರೆಗಳನ್ನೆಲ್ಲ ಮೊದಲು ಮುಗಿಸುವುದು, ಸುತ್ತಿನ ಗೆರೆಯನ್ನು ಕಟ್ಟಕಡೆಗೆ ಎಳೆಯುವುದು, ಅದನ್ನು ಎಳೆಯುವಾಗ ಎರಡು ಪಾದಗಳೂ ಹೊರಗಿರುವುದು. ಸುತ್ತುಗೆರೆ ಕೂಡುವವರೆಗೆ ಅದು ಬರೀ ಹುಲ್ಲು, ಅಲ್ಲಿ ನಾಯಿಯೂ ಓಡಾಡಬಹುದು, ಎಮ್ರಿಸ್ಸನೂ ಓಡಾಡಬಹುದು. ಕೂಡಿತೋ, ಅದು ಮೈದಾನ. ಆಮೇಲೆ ನಾಯಿ ಮಾತ್ರ ಓಡಾಡಬಹುದು.

ಇದು ಅರ್ಥವಾಗಬೇಕಾದರೆ ರಗ್ಬಿಯ ಮತಭೇದ ತಿಳಿದಿರಬೇಕು. ತೆಂಗಿನಕಾಯಿಯ ಆಕಾರದ ಚೆಂಡನ್ನು ಎದೆಗವಚಿಕೊಂಡು ಓಡುವುದು, ಓಡುವವನನ್ನು ಉಳಿದವರು ಕೆಡವಿ ಮೇಲೆ ಬೀಳುವುದು, ಇಷ್ಟೇ ಆಟ. ಆದರೆ ಇಷ್ಟಕ್ಕೆ ಎರಡು ಮತಗಳು. ಹದಿನೈದು ಜನ ಆಡುವವರದು ಒಂದು, ಹದಿಮೂರು ಜನ ಆಡುವವರದು ಇನ್ನೊಂದು. ಹದಿನೈದರವರು ಮಡಿವಂತರು. ಮೂಗು ಒಡೆದುಕೊಂಡರೂ ಹಲ್ಲು ಕಳೆದುಕೊಂಡರೂ ಕಾಸು ಮುಟ್ಟುವಂತಿಲ್ಲ. ಹದಿಮೂರರವರು ಪ್ರತಿ ಆಟಕ್ಕೂ ಕೂಲಿ ಪಡೆಯುವವರು. ಒಮ್ಮೆ ಆ ಕೂಲಿ ಮುಟ್ಟಿದವನಿಗೆ ಹದಿನೈದರವರ ಪಂಕ್ತಿಯಲ್ಲಿ ಜನ್ಮದಲ್ಲಿ ಎಲೆಯಿಲ್ಲ. ಆಡುವುದಿರಲಿ, ಕ್ಲಬ್ಬಿನ ಹೊಸ್ತಿಲು ತುಳಿಯುವುದಕ್ಕೂ ಅಡ್ಡಿ. ತಲೆ ಬೋಳಿಸಿದರೂ ಪಂಚಗವ್ಯ ಕುಡಿಸಿದರೂ ಹೋಗದ ಮೈಲಿಗೆ ಅದು.

ಎಮ್ರಿಸ್ ಹುಟ್ಟಿದ್ದು ಕೂಮ್‌ಡೆರಿ ಎಂಬ ಕಲ್ಲಿದ್ದಲ ಕಣಿವೆಯ ಹಳ್ಳಿಯಲ್ಲಿ. ಆ ಊರಿನ ಗಂಡಸರಿಗೆ ಮೂರೇ ಕೆಲಸ: ವಾರವಿಡೀ ನೆಲದೊಳಗೆ ಅಗೆಯುವುದು, ಶನಿವಾರ ನೆಲದ ಮೇಲೆ ಹೊಡೆದಾಡುವುದು, ಭಾನುವಾರ ದೇವರ ಮುಂದೆ ಹಾಡುವುದು. ಮೂರರಲ್ಲೂ ಎಮ್ರಿಸ್ ಗಟ್ಟಿಗ. ಊರಿನ ಹದಿನೈದರ ತಂಡಕ್ಕೆ ಅಣ್ಣ ಐವರ್ ನಾಯಕ, ತಮ್ಮ ಅವನ ಬಲಗೈ. ವೇಲ್ಸಿನ ಕೆಂಪು ಅಂಗಿಯ ತಂಡಕ್ಕೂ ಎಮ್ರಿಸ್ಸನಿಗೆ ಒಮ್ಮೆ ಕರೆ ಬಂತು, ಕಾಯ್ದಿರಿಸಿದ ಆಟಗಾರನಾಗಿ. ಆ ಕಾಲದಲ್ಲಿ ಆಟ ಶುರುವಾದ ಮೇಲೆ ಒಬ್ಬ ಸತ್ತರೂ ಇನ್ನೊಬ್ಬ ಇಳಿಯುವಂತಿರಲಿಲ್ಲ. ನಮ್ಮ ವೀರ ಬೂಟು ಬಿಗಿದು, ಮೇಲೊಂದು ಕೋಟು ತೊಟ್ಟು, ಐವತ್ತು ಸಾವಿರ ಜನರ ನಡುವೆ ಕೂತು, ಆಟ ನೋಡಿ, ಬೂಟು ಬಿಚ್ಚಿ, ಊರಿಗೆ ಬಂದ. ಊರವರು ಬ್ಯಾಂಡು ಬಾರಿಸಿದರು.

ಆಮೇಲೆ ಒಂದು ದಿನ ಪಿಯಾನೊ ಶ್ರುತಿ ಮಾಡುವವನೊಬ್ಬ ಮನೆಗೆ ಬಂದ. ಮನೆಯಲ್ಲಿ ಪಿಯಾನೊ ಇರಲಿಲ್ಲ. ಬಂದವನು ಆಟಗಾರರನ್ನು ದುಡ್ಡು ಕೊಟ್ಟು ಸೆಳೆಯುವ, ಯಾರ್ಕ್‌ಷೈರಿನ ಹದಿಮೂರರ ಮತದ ಗೂಢಚಾರ. ವೇಷವಿಲ್ಲದೆ ಬಂದಿದ್ದವನನ್ನು ಹಿಂದಿನ ವರ್ಷ ಊರವರು ಹೊಳೆಗೆ ಎಸೆದಿದ್ದರು. ಅಪ್ಪ ಗಣಿಯ ದೂಳಿಗೆ ಶ್ವಾಸಕೋಶ ಒಪ್ಪಿಸಿ ಮಂಚ ಹಿಡಿದಿದ್ದ, ಮನೆ ಕಂಪನಿಯದು, ಬಿಡಬೇಕಾಗಿತ್ತು. ಎಮ್ರಿಸ್ ಅಡುಗೆಮನೆಯ ಮೇಜಿನ ಮೇಲೆ ಹದಿಮೂರರವರ ಕರಾರಿಗೆ ರುಜು ಹಾಕಿದ. ಸಂಜೆ ಕ್ಲಬ್ಬಿಗೆ ವಿದಾಯ ಹೇಳಲು ಹೋದ. ಬಾಗಿಲಲ್ಲಿ ಐವರ್ ನಿಂತಿದ್ದ.

“ಒಳಗೆ ಬರಬೇಡ.”

“ಹಾಡೊಂದು ಹಾಡಿ ಹೋಗ್ತೀನಿ, ಅಣ್ಣಾ.”

“ಹೊರಗೆ ನಿಂತು ಹಾಡು,” ಎಂದು ಐವರ್ ಬಾಗಿಲು ಹಾಕಿದ.

ಎಮ್ರಿಸ್ ಹಾಡಲಿಲ್ಲ. ರುಜುವಿಗೆ ಸಿಕ್ಕ ಹಣದಲ್ಲಿ ಅಪ್ಪನಿಗೊಂದು ಮನೆ ಕೊಡಿಸಿ ಉತ್ತರಕ್ಕೆ, ಯಾರ್ಕ್‌ಷೈರಿಗೆ ಹೋದ. ಅಲ್ಲಿನ ಉಣ್ಣೆ ಗಿರಣಿಗಳ ಒಂದು ಊರಿನಲ್ಲಿ ಗೆದ್ದರೊಂದು ಕೂಲಿ, ಸೋತರೊಂದು ಕೂಲಿ ಪಡೆಯುತ್ತ ಒಂಬತ್ತು ಚಳಿಗಾಲ ಆಡಿದ. ಮೂಗು ಎರಡು ಸಲ ದಿಕ್ಕು ಬದಲಿಸಿತು. ಕಿವಿಗಳು ಎಣ್ಣೆಗೆ ಬಿಟ್ಟ ಹಪ್ಪಳದಂತೆ ಮುದುಡಿದವು. ನಡುವೆ ಒಮ್ಮೆ ಮೊಣಕಾಲು ಕಿತ್ತುಬಂದು ಆಸ್ಪತ್ರೆ ಸೇರಿದಾಗ, ಅವನ ಅರಚಾಟ ಕೇಳಲಾರದೆ ಒಬ್ಬ ನರ್ಸು ತನ್ನ ಭಾಷೆಯಲ್ಲಿ ಗೊಣಗಿದಳು:

“ಕಾಲ್ ಮುರದ ಎಮ್ಮಿನೂ ಇಷ್ಟ ಒದರಂಗಿಲ್ಲ ನೋಡ!”

“ಏನಂದಿರಿ, ಸಿಸ್ಟರ್?”

“ಬೇಗ ಗುಣವಾಗಲಿ ಅಂದೆ,” ಎಂದಳು ಅವಳು ಇಂಗ್ಲಿಷಿನಲ್ಲಿ.

ಇಷ್ಟು ಸುಂದರವಾದ ಹಾರೈಕೆಯನ್ನು ಎಮ್ರಿಸ್ ಅವಳ ಭಾಷೆಯಲ್ಲೇ ಶ್ರದ್ಧೆಯಿಂದ ಬಾಯಿಪಾಠ ಮಾಡಿ, ಬೆಳಿಗ್ಗೆ ಬಂದ ದೊಡ್ಡ ಡಾಕ್ಟರಿಗೆ ಕೈಮುಗಿದು ಒಪ್ಪಿಸಿದ. ಡಾಕ್ಟರು ಥ್ಯಾಂಕ್ ಯೂ ಎಂದರು. ನರ್ಸು ನಗು ತಡೆಯಲಾಗದೆ ಟ್ರೇ ಕೆಡವಿದಳು. ಅವಳೇ ಧಾರವಾಡದ ಪ್ರಭಾ. ಆ ಟ್ರೇಯ ಸದ್ದು ಮದುವೆಯ ಓಲಗಕ್ಕೆ ಮುನ್ನುಡಿಯಾಯಿತು.

ಜರ್ಸಿ ಸಿಟಿಯ ಆಸ್ಪತ್ರೆಯೊಂದರಲ್ಲಿ ಪ್ರಭಾಗೆ ಕೆಲಸ ಸಿಕ್ಕಿ ೧೯೬೮ರಲ್ಲಿ ಇಬ್ಬರೂ ಅಮೆರಿಕಕ್ಕೆ ಬಂದರು. ಅಷ್ಟರಲ್ಲಿ ಎಮ್ರಿಸ್ಸನ ಕನ್ನಡ ಚೆನ್ನಾಗಿ ಕುದುರಿತ್ತು, ಆದರೆ ಶುದ್ಧ ಧಾರವಾಡದ್ದು. ಕನ್ನಡ ಕೂಟದ ಅಧ್ಯಕ್ಷರಾದ ಮೈಸೂರಿನ ಪ್ರೊಫೆಸರ್ ಬದರೀನಾಥರು ಮೊದಲ ಸಲ ಕೈಕುಲುಕಿದಾಗ ಈ ಆರಡಿ ಬಿಳಿಯ “ಹ್ಯಾಂಗದೀರಿ ಸರ, ಎಲ್ಲಾ ಆರಾಮೇನ್ರಿ?” ಎಂದದ್ದು ಕೇಳಿ ಅವರು ಬಿಸಿಬೇಳೆಬಾತಿನ ತಟ್ಟೆ ಹಿಡಿದೇ ಕುಸಿದು ಕೂತರು. ಆಮೇಲೆ ಸಾವರಿಸಿಕೊಂಡು ಅವನಿಗೆ ‘ಅಳಿಯಂದಿರು’ ಎಂದು ಬಿರುದು ಕೊಟ್ಟರು. ಇಡೀ ಕೂಟಕ್ಕೇ ಅಳಿಯ. ಗಂಡನನ್ನು ಮನೆಯಲ್ಲಿ ‘ನೀ’ ಎನ್ನುತ್ತಿದ್ದ ಪ್ರಭಾ, ಕೂಟದಲ್ಲಿ ಮಾತ್ರ ಬಾಯಿ ಬಿಗಿಹಿಡಿದು ‘ರೀ’ ಎನ್ನುತ್ತಿದ್ದಳು.

ಕೌಂಟಿ ಪಾರ್ಕಿನಲ್ಲಿ ನಡೆಯುವ ಕೂಟದ ಬೇಸಿಗೆ ಪಿಕ್ನಿಕ್ಕಿನಲ್ಲಿ ಮದುವೆಯಾದವರಿಗೂ ಆಗದವರಿಗೂ ಹುತುತು ಪಂದ್ಯ. ಮೊದಲ ವರ್ಷವೇ ಅಳಿಯಂದಿರನ್ನು ಇಳಿಸಿದರು. ಗದಗದ ಕಡೆಯ ಗದಿಗೆಪ್ಪನೆಂಬ ಗಟ್ಟಿಮುಟ್ಟಾದ ಎಂಜಿನಿಯರು ಉಸಿರು ಕಟ್ಟಿ ನುಗ್ಗಿಬಂದ. ಎಮ್ರಿಸ್ ಅವನನ್ನು ಹಿಡಿದ. ಹಿಡಿದು ನಿಲ್ಲಬೇಕಿತ್ತು. ಆದರೆ ಎರಡು ಮತಗಳ ಅಭ್ಯಾಸ ಒಟ್ಟಿಗೇ ಕೆರಳಿ, ಗದಿಗೆಪ್ಪನನ್ನು ಕಂಕುಳಲ್ಲಿ ಇರುಕಿಕೊಂಡು, ಅಡ್ಡಬಂದ ಮೂವರು ಡಾಕ್ಟರರನ್ನು ಉರುಳಿಸಿ, ಪಿಕ್ನಿಕ್ ಮೇಜುಗಳವರೆಗೆ ಓಡಿ, ಕೋಸಂಬರಿಯ ಪಾತ್ರೆಯ ಪಕ್ಕದಲ್ಲಿ ಅವನನ್ನು ಮೆಲ್ಲಗೆ ನೆಲಕ್ಕೆ ಮುಟ್ಟಿಸಿದ.

ಗದಿಗೆಪ್ಪ ಮಲಗಿದಲ್ಲಿಂದಲೇ ಕೇಳಿದ: “ಮಾಮಾ, ಇದು ಔಟೋ, ಅಪಹರಣೋ?”

ಅಂದಿನಿಂದ ಗದಿಗೆಪ್ಪ ಅವನ ಶಿಷ್ಯ. ಹುಡುಗರಿಗೆ ಹುತುತುವಿನ ಹಿಡಿತ ಕಲಿಸುವುದು, ಅದರ ಗೆರೆ ಎಳೆಯುವುದು, ಬಾತಿನ ಕೊಳಗ ಹೊರುವುದು, ಕೆಸರಿಗಿಳಿದ ಕಾರನ್ನು ಎತ್ತಿಡುವುದು ಎಲ್ಲ ಅಳಿಯಂದಿರ ಪಾಲಿಗೆ ಬಂತು.

ಆದರೆ ಎಮ್ರಿಸ್ಸನ ಜೀವ ಇದ್ದದ್ದು ಅದೇ ಪಾರ್ಕಿನ ಆಚೆ ಬದಿಯ ಹದಿನೈದರ ಮೈದಾನದಲ್ಲಿ. ಅಲ್ಲಿನ ಕ್ಲಬ್ಬಿನ ಕಾರ್ಯದರ್ಶಿ, ರೆಫರಿ ಮತ್ತು ಮಠಾಧಿಪತಿ ಮಿಸ್ಟರ್ ಪೆಂಬರ್ಟನ್ ಎಂಬ ಆಂಗ್ಲ ಮಹಾಶಯ. ಮ್ಯಾನ್‌ಹಟನ್ನಿನಲ್ಲಿ ವಿಮೆಯ ಕೆಲಸ, ಉರಿಬಿಸಿಲಲ್ಲೂ ಬ್ಲೇಜರು, ಟೈ. ಬೇರೆ ಕ್ಲಬ್ಬಿನವರು ಯಾರ ಹಳೆಯ ಕಥೆಯನ್ನೂ ಕೆದಕುತ್ತಿರಲಿಲ್ಲ. ಪೆಂಬರ್ಟನ್ ಮಾತ್ರ ಎಮ್ರಿಸ್ಸನ ಹಪ್ಪಳದ ಕಿವಿ ನೋಡಿ, ಹೆಸರು ಕೇಳಿದೊಡನೆ ಗುರುತು ಹಿಡಿದಿದ್ದ.

“ನೀನು ಹದಿಮೂರರವನು. ಗೆರೆ ಎಳೆಯಬಹುದು, ಅಂಗಿ ಒಗೆಯಬಹುದು. ಒಳಗೆ ಬರಕೂಡದು.”

ಎಮ್ರಿಸ್ ಗೆರೆ ಎಳೆದ, ಅಂಗಿ ಒಗೆದ. ಪ್ರಭಾ ರೇಗುತ್ತಿದ್ದಳು. “ನಿನಗ ನಾಚಿಕಿ ಅನ್ನೂದ ಇಲ್ಲೇನು? ಅವರ ಚಡ್ಡಿ ಒಗೀತಿ, ನಿನ್ನ ಚಡ್ಡಿ ನಾ ಒಗೀತೀನಿ!”

“ಒಂದ ಸಲ ಒಳಗ ಬಿಡ್ತಾರ ನೋಡ, ಪ್ರಭಾ. ಒಂದ ಸಲ.”

೧೯೭೬ ಬಂತು. ಅಮೆರಿಕಕ್ಕೆ ಇನ್ನೂರು ತುಂಬಿದ ಸಂಭ್ರಮ. ಎಲ್ಲೆಲ್ಲಿಂದಲೋ ತಂಡಗಳು ಆಡಲು ಬಂದವು. ಹಾಗೆ ಬರುವವರಲ್ಲಿ ಕೂಮ್‌ಡೆರಿಯವರೂ ಇದ್ದಾರೆ, ಭಾನುವಾರ ಮೂರು ಗಂಟೆಗೆ ಪೆಂಬರ್ಟನ್ನನ ಕ್ಲಬ್ಬಿನೆದುರು ನಲವತ್ತು ದಾಟಿದವರ ಪಂದ್ಯ, ನಾಯಕ ಐವರ್ ಪ್ರೋಸರ್ ಎಂದು ಗೊತ್ತಾದಾಗ ಎಮ್ರಿಸ್ಸನ ಕೈಯಲ್ಲಿದ್ದ ಸುಣ್ಣದ ಡಬ್ಬಿ ಅಡ್ಡಾದಿಡ್ಡಿ ಹೋಗಿ, ಆ ವಾರ ಮೈದಾನಕ್ಕೊಂದು ಹೊಟ್ಟೆ ಬಂತು. ಹತ್ತೊಂಬತ್ತು ವರ್ಷ ಅಣ್ಣನಿಂದ ಒಂದು ಕಾಗದವಿಲ್ಲ. ಅಪ್ಪ ಸತ್ತ ಸುದ್ದಿ ಕೂಡ ಪಾದ್ರಿಯಿಂದ ಬಂದಿತ್ತು. ಎಮ್ರಿಸ್ಸನಿಗೆ ಅಣ್ಣನ ಕ್ಷಮೆಯೇನೂ ಬೇಕಿರಲಿಲ್ಲ. ಅಣ್ಣನಿರುವ ಮೈದಾನದಲ್ಲಿ ಅವನಿಗೂ ಕಾಲಿಡಬೇಕಿತ್ತು. ಅಷ್ಟೇ.

ಪೆಂಬರ್ಟನ್ನನ ಮುಂದೆ ಟೊಪ್ಪಿ ಹಿಡಿದು ನಿಂತ. ಪೆಂಬರ್ಟನ್ ಪೈಪು ಹಚ್ಚಿದ. ಎಂಟು ವರ್ಷ ಗೆರೆ ಎಳೆದವನನ್ನು ಸುಮ್ಮನೆ ಅಟ್ಟಲು ಮಠಾಧಿಪತಿಗೂ ಮನಸ್ಸಾಗಲಿಲ್ಲ.

“ಈ ದೇಶಕ್ಕೆ ಬಂದ ಮೇಲೆ ಆಟದ ಹೆಸರಲ್ಲಿ ಒಂದು ಸೆಂಟಾದರೂ ಮುಟ್ಟಿದ್ದೀಯಾ?”

“ಇಲ್ಲ, ಸರ್.”

“ಹಾಗಾದರೆ ಈ ಒಂದು ಪಂದ್ಯ, ಒಂದೇ ಒಂದು, ನಾನು ಕಣ್ಣು ಮುಚ್ಚಿಕೊಳ್ತೀನಿ. ಅಲ್ಲಿಯವರೆಗೆ ಒಂದು ಸೆಂಟ್ ಮುಟ್ಟಿದರೆ ಕಣ್ಣು ತೆರೀತೀನಿ.”

ಆ ವಾರ ಎಮ್ರಿಸ್ ಹುಲ್ಲಿನ ಮೇಲೆ ಬಿದ್ದ ಚಿಲ್ಲರೆಯನ್ನೂ ಬೂಟಿನಿಂದ ಸರಿಸಿ ನಡೆದ.

ಆ ಭಾನುವಾರವೇ ಕೂಟದ ಪಿಕ್ನಿಕ್ಕು, ಅದೇ ಪಾರ್ಕಿನಲ್ಲಿ. ಬೆಳಿಗ್ಗೆ ಹುತುತು, ಮಧ್ಯಾಹ್ನ ಊಟ, ಮೂರಕ್ಕೆ ಕೂಟವೆಲ್ಲ ಅಳಿಯಂದಿರ ಆಟ ನೋಡುವುದು ಎಂದು ಬದರೀನಾಥರು ಕಾರ್ಯಕ್ರಮ ಹಾಕಿದ್ದರು. ಎರಡು ಗಂಟೆಗೆ ಕೂಮ್‌ಡೆರಿಯವರ ಬಸ್ಸು ಬಂದು ನಿಂತಿತು. ಇಳಿದವರು ಆಟದ ಮೈದಾನದತ್ತ ಹೋಗದೆ ಒಗ್ಗರಣೆಯ ವಾಸನೆಯ ಜಾಡು ಹಿಡಿದು ಮೇಜುಗಳ ಹತ್ತಿರ ಬಂದರು. ಮುಂದೆ ಐವರ್, ಬೆಳ್ಳಗಾದ ತಲೆ, ಅದೇ ಗಡ್ಡೆಯಂಥ ಮುಖ. ಅಣ್ಣ ತಮ್ಮ ಒಬ್ಬರನ್ನೊಬ್ಬರು ನೋಡಿ, ಬಸ್ ನಿಲ್ದಾಣದಲ್ಲಿ ಸಿಕ್ಕ ಅಪರಿಚಿತರಂತೆ ತಲೆಯಾಡಿಸಿದರು. ಅವರ ಹಿಂದೆಯೇ ಬ್ಲೇಜರಿನ ಪೆಂಬರ್ಟನ್, ಕುತ್ತಿಗೆಯಲ್ಲಿ ಸೀಟಿ.

ಸರಿಯಾಗಿ ಆಗಲೇ ಬದರೀನಾಥರು ಬೆಂಚಿನ ಮೇಲೆ ಹತ್ತಿ ಮೈಕು ತಟ್ಟಿದರು. ಅತಿಥಿಗಳಿಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ ಶುರುಮಾಡಿದರು: ಕ್ರೀಡಾಕ್ಷೇತ್ರಕ್ಕೆ ಸಲ್ಲಿಸಿದ ಅಮೋಘ ಸೇವೆಗಾಗಿ ನಮ್ಮ ಅಳಿಯಂದಿರಿಗೆ ಸನ್ಮಾನ!

ಪ್ರಭಾಳ ಕೈಯಲ್ಲಿದ್ದ ಸೌಟು ನಿಂತಿತು. “ಗದಿಗೆಪ್ಪಾ, ಏನಿದು?”

“ಸರ್ಪ್ರೈಸ್, ಅಕ್ಕಾ! ಹುತುತು ಕಲಿಸ್ಯಾರಲ್ಲ, ಅದಕ್ಕ.”

“ಕವರ್ ಇಟ್ಟೀರೇನು?”

“ಇಡದ ಹ್ಯಾಂಗಾಗ್ತದ? ಬರೇ ಕಾಯಿ ಕೊಟ್ರ ನಡೀತದೇನು?”

ಸನ್ಮಾನವೆಂದರೆ ಶಾಲು, ಹಣ್ಣು, ತೆಂಗಿನಕಾಯಿ, ಕಾಯಿಯ ಕೆಳಗೆ ಒಂದು ಕವರು. ಕವರಿನಲ್ಲಿ ಹತ್ತರ ನೋಟು, ಮಂಗಳಕ್ಕೆಂದು ಜೊತೆಗೊಂದು ಡಾಲರು. ಈ ಕ್ರಮ ನ್ಯೂಜರ್ಸಿಗೆ ಬಂದರೂ ಒಂದಿಂಚು ಸಡಿಲಿರಲಿಲ್ಲ. ಎಮ್ರಿಸ್ ಇಂಥ ಎಷ್ಟೋ ಸನ್ಮಾನಗಳಿಗೆ ಚಪ್ಪಾಳೆ ತಟ್ಟಿದವನು. ಕಾಯಿಯ ಕೆಳಗೇನಿರುತ್ತದೆಂದು ಬಲ್ಲ. ಅವನನ್ನು ನಾಲ್ವರು ಎಳೆದು ನಿಲ್ಲಿಸಿದಾಗ ಮುಖ ಸುಣ್ಣಕ್ಕಿಂತ ಬೆಳ್ಳಗಾಗಿತ್ತು.

ಪ್ರಭಾ ಕೂಟವನ್ನೂ ಮರ್ಯಾದೆಯನ್ನೂ ಮರೆತು ಕೂಗಿದಳು. “ಕಾಯಿ ಅಷ್ಟ ತಗೋ! ಕವರ್ ಮುಟ್ಟಬ್ಯಾಡ ನೀ!”

“ಕವರ್ ಬ್ಯಾಡ್ರಿ ಸರ,” ಎಂದ ಎಮ್ರಿಸ್.

“ಆಹಾ, ಏನು ವಿನಯ!” ಎಂದರು ಬದರೀನಾಥರು.

“ಖರೇನ ಬ್ಯಾಡ್ರಿ! ಕೈ ಮುಗೀತೀನಿ!”

ಬೇಡ ಎನ್ನುವುದು ಸನ್ಮಾನಿತನ ಧರ್ಮ, ಬಿಡದೆ ಕೊಡುವುದು ಅಧ್ಯಕ್ಷರ ಧರ್ಮ. ಅವನು ಎಷ್ಟು ಅಂಗಲಾಚಿದನೋ ಅಷ್ಟೂ ಅಳಿಯಂದಿರ ಸಂಸ್ಕಾರಕ್ಕೆ ಜನ ತಲೆದೂಗಿದರು. ಕೊನೆಗೆ ಗದಿಗೆಪ್ಪ ಅವನ ಎರಡು ಕೈಗಳನ್ನೂ ಪ್ರೀತಿಯಿಂದ ಹಿಡಿದುಕೊಂಡ, ಬದರೀನಾಥರು ಕವರನ್ನು ಅವನ ಅಂಗಿಯ ಜೇಬಿಗೆ ತುರುಕಿದರು. ಚಪ್ಪಾಳೆ.

ಪೆಂಬರ್ಟನ್ ಜನರನ್ನು ಸೀಳಿಕೊಂಡು ಬಂದ. “ಪ್ರೋಸರ್! ಅದರಲ್ಲಿರುವುದು ದುಡ್ಡಾ?”

ಎಮ್ರಿಸ್ಸನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. “ಹೌದು, ಸರ್.”

“ಎಂಟು ವರ್ಷ, ಪ್ರೋಸರ್. ಇನ್ನೊಂದು ಗಂಟೆ ತಡೆಯಲಾಗಲಿಲ್ಲವೇ ನಿನಗೆ?”

ಎಮ್ರಿಸ್ ಬೆಂಚಿನ ಮೇಲೆ ಕೂತ. ಹೆಗಲ ಮೇಲೆ ಜರಿ ಶಾಲು, ತೊಡೆಯ ಮೇಲೆ ತೆಂಗಿನಕಾಯಿ. ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದ. ಕೆಂಪು ಅಂಗಿಯ ದಿನವೂ ಹೀಗೆಯೇ ಬಿಚ್ಚಿದ್ದ.

ಇತ್ತ ಬದರೀನಾಥರ ಕಣ್ಣು ಬ್ಲೇಜರಿನ ಮೇಲೆ ಬಿದ್ದಿತ್ತು. ಈ ಸೆಖೆಯಲ್ಲಿ ಟೈ ಕಟ್ಟಿದವನು ದೊಡ್ಡ ಮನುಷ್ಯನಲ್ಲದೆ ಇನ್ನೇನು? ಬಂದ ಗಣ್ಯರನ್ನು ಬರಿಗೈಯಲ್ಲಿ ನಿಲ್ಲಿಸುವುದುಂಟೆ? ಅವರು ಹೆಂಡತಿಯತ್ತ ತಿರುಗಿದರು. “ಕಲಾ, ಎಕ್ಸ್‌ಟ್ರಾ ಇದೆಯೇನೇ?”

“ಇರ್ಲಿ ಅಂತ ತಂದಿದೀನಿ ರೀ,” ಎಂದು ಕಲಾ ಚೀಲಕ್ಕೆ ಕೈಹಾಕಿದರು.

ಪೆಂಬರ್ಟನ್ನನಿಗೆ ತಿಳಿಯುವ ಮೊದಲೇ ಹೆಗಲ ಮೇಲೆ ಶಾಲು ಬಿತ್ತು. “ನೋ, ನೋ, ಪ್ಲೀಸ್,” ಎಂದ. ಆಂಗ್ಲ ವಿನಯವೆಂದು ಎಲ್ಲರೂ ಮೆಚ್ಚಿದರು. ತೆಂಗಿನಕಾಯಿ ಕೈಗೆ ಬಂದೊಡನೆ ಅಭ್ಯಾಸಬಲದಿಂದ ಅದನ್ನು ಎದೆಗವಚಿಕೊಂಡ, ಅಷ್ಟರಲ್ಲಿ ಬ್ಲೇಜರಿನ ಜೇಬಿಗೆ ಕವರು ಇಳಿಯಿತು. ಕ್ಯಾಮೆರಾ ಮಿಂಚಿತು. ಮಿಂಚಿದರೆ ನಗಬೇಕು, ನಕ್ಕ. “ಕ್ರೀಡೆಗೆ ಸಲ್ಲಿಸಿದ ಸೇವೆಗಾಗಿ!” ಎಂದು ಮೈಕು ಗುಡುಗಿತು.

ಐವರ್ ಇದನ್ನೆಲ್ಲ ನೋಡುತ್ತ ಪ್ರಭಾಳ ಪಕ್ಕದಲ್ಲಿ ನಿಂತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದು ಇದೇ ಮೊದಲು.

“ನೀವು ಎಮ್ರಿಸ್ಸನ ಹೆಂಡತಿ.”

“ನೀವು ಬಾಗಿಲು ಹಾಕಿದವರು,” ಎಂದಳು ಪ್ರಭಾ. ನರ್ಸಿನ ಬಾಯಿ, ಸೂಜಿ ನೆಟ್ಟಗೆ ಇಳಿಯಿತು.

ಐವರ್ ಪೆಂಬರ್ಟನ್ನನ ಜೇಬಿನತ್ತ ಕಣ್ಣು ಹಾಯಿಸಿದ. “ಆ ಕವರಿನಲ್ಲಿ ಏನಿದೆ?”

“ಹನ್ನೊಂದು ಡಾಲರು.”

“ಆಟಕ್ಕಾಗಿ?”

“ಆಟಕ್ಕಾಗಿಯೇ. ಎಲ್ಲರ ಕವರಿನಲ್ಲೂ ಅಷ್ಟೇ.”

ಐವರ್ ನಿಧಾನವಾಗಿ ಪೆಂಬರ್ಟನ್ನನ ಹತ್ತಿರ ಹೋಗಿ, ಜೇಬಿನತ್ತ ಬೆರಳು ತೋರಿಸಿದ. “ತೆರೆದು ನೋಡಿ, ಸರ್.”

ಪೆಂಬರ್ಟನ್ ತೆರೆದ. ಹತ್ತರ ನೋಟು ಕಂಡಿತು, ಒಂಟಿ ಡಾಲರು ಕಂಡಿತು, ತನ್ನ ಮೂವತ್ತು ವರ್ಷಗಳ ಮಡಿ ಬೆಂಕಿ ಬಿದ್ದ ಪಂಚೆಯಂತೆ ಹೊತ್ತಿಕೊಂಡಿದ್ದೂ ಕಂಡಿತು. ಕವರನ್ನು ಬದರೀನಾಥರಿಗೆ ಹಿಂದಕ್ಕೆ ಚಾಚಿದ. ಅವರು ಹಾವು ಕಂಡಂತೆ ಎರಡು ಹೆಜ್ಜೆ ಸರಿದರು. “ಛೆ ಛೆ, ಕೊಟ್ಟ ಕಾಣಿಕೆ ವಾಪಸ್ ತಗೊಳ್ಳೋದುಂಟಾ! ಶಾಂತಂ ಪಾಪಂ!”

ನಿಯಮದ ಪ್ರಕಾರ ಈಗ ತಮ್ಮನಿಗೂ ಬಹಿಷ್ಕಾರ, ರೆಫರಿಗೂ ಬಹಿಷ್ಕಾರ. ಐವರ್ ತಮ್ಮನತ್ತ ನೋಡಿದ. ಎಮ್ರಿಸ್ ಒಂದು ಬೂಟು ಬಿಚ್ಚಿ ಪಕ್ಕದಲ್ಲಿಟ್ಟಿದ್ದ, ಇನ್ನೊಂದರ ಗಂಟು ಬಿಚ್ಚಿಕೊಳ್ಳುತ್ತಿರಲಿಲ್ಲ. ಐವರ್ ಬೆಂಚಿನ ಮುಂದೆ ಬಂದು, ಗಣಿಯಲ್ಲಿ ಸವೆದ ಬಲಗೈಯನ್ನು ಬದರೀನಾಥರ ಮುಂದೆ ಚಾಚಿದ.

“ನಾನೂ ಆಟ ಆಡಿದವನೇ,” ಎಂದ. “ನನಗೂ ಒಂದು ಕೊಡಿ.”

“ಅಣ್ಣಾ,” ಎಂದ ಎಮ್ರಿಸ್. “ಮುಟ್ಟಬೇಡ. ಮುಟ್ಟಿದರೆ ಹೋಯ್ತು.”

“ಹೋಗಲಿ. ಆ ಬಾಗಿಲು ಬಹಳ ಭಾರ ಇತ್ತು ಕಣೋ.”

ಕವರು ಅವನ ಕೈಗೆ ಬಂತು. ಐವರ್ ಅದನ್ನು ಎತ್ತಿ ಎಲ್ಲರಿಗೂ ತೋರಿಸಿ, ಚಡ್ಡಿಯ ಸೊಂಟಕ್ಕೆ ಸಿಕ್ಕಿಸಿಕೊಂಡ. ನಾಯಕನೇ ಕೆಟ್ಟ ಮೇಲೆ ತಂಡಕ್ಕೇನು? ಕೂಮ್‌ಡೆರಿಯ ಮುದುಕರೆಲ್ಲ ಒಬ್ಬರ ಹಿಂದೊಬ್ಬರು ಸಾಲುಗಟ್ಟಿ ನಿಂತರು. ಬದರೀನಾಥರ ಬಾಳಿನ ಪರಮ ಮುಹೂರ್ತ ಅದು, ಇಷ್ಟು ಜನ ತಾವಾಗಿ ಸನ್ಮಾನಕ್ಕೆ ಸಾಲು ನಿಂತದ್ದನ್ನು ಯಾವ ಅಧ್ಯಕ್ಷ ಕಂಡಿದ್ದಾನೆ? ಶಾಲು ಮುಗಿದ ಮೇಲೆ ಟವೆಲು ಹೊದಿಸಿದರು, ಟವೆಲು ಮುಗಿದ ಮೇಲೆ ಮೇಜಿನ ಮೇಲಿನ ಹೂವಿನ ಬಟ್ಟೆ. ಕಾಯಿ ಮುಗಿದಾಗ ಕಲಾ ಒಂದೊಂದು ನಿಂಬೆಹಣ್ಣು ಕೊಟ್ಟರು. ಕವರಿಗೆ ಗದಿಗೆಪ್ಪ ಜನರ ಜೇಬು ತಡಕಾಡಿ ಒಂದೊಂದೇ ಡಾಲರು ಹೊಂದಿಸಿದ.

ಪೆಂಬರ್ಟನ್ ಶಾಲು ಹೊದ್ದೇ ಪೈಪು ಹಚ್ಚಿ ಸುತ್ತ ನೋಡಿದ. ಮೈಲಿಗೆಯಾಗದವನು ಅಲ್ಲಿ ಯಾರೂ ಉಳಿದಿರಲಿಲ್ಲ. ಪಂಕ್ತಿಯಿಂದ ಎಬ್ಬಿಸುವುದಾದರೆ ಯಾರನ್ನು, ಎಬ್ಬಿಸುವವನಾರು? ಕೊನೆಗೆ ಗಡಿಯಾರ ನೋಡಿ, ಯಾರ ಮುಖವನ್ನೂ ನೋಡದೆ ಹೇಳಿದ: “ಮೂರು ಗಂಟೆಯಾಯಿತು. ಬೂಟು ಹಾಕಿಕೊ, ಪ್ರೋಸರ್.”

ಎಮ್ರಿಸ್ ಗೆರೆಯ ಹತ್ತಿರ ಬಂದು ನಿಂತ. ಬೆಳಿಗ್ಗೆ ತಾನೇ ಎಳೆದದ್ದು, ಇನ್ನೂ ಅಚ್ಚಬಿಳಿ. ಎಲ್ಲರೂ ಒಳಗೆ ಹೋದರು, ಅವನು ನಿಂತೇ ಇದ್ದ. ಪ್ರಭಾ ಹಿಂದಿನಿಂದ ಬೆನ್ನಿಗೆ ಒಂದು ಗುದ್ದಿದಳು. “ಇನ್ನೇನ್ ಮುಹೂರ್ತ ನೋಡ್ತಿಯೇನು? ನಡಿ!”

ದಾಟಿದ. ಸೀಟಿ ಕೂಗಿತು. ಚೆಂಡು ಗಾಳಿಯಲ್ಲಿ ತೇಲಿ, ಹುಡುಕಿಕೊಂಡು ಬಂದಂತೆ ಅವನ ತೋಳಿಗೇ ಬಂತು. ಮೊಣಕಾಲು ಲಟಲಟ ಎಂದರೂ ಅವನು ಓಡಿದ. ಒಬ್ಬ ಮುದುಕನನ್ನು ಉರುಳಿಸಿದ, ಇನ್ನೊಬ್ಬನನ್ನು ತಪ್ಪಿಸಿದ, ಮೂರನೆಯವನ ಮೇಲೆ ಹಾರಲು ನೋಡಿ ಹಾರಲಾಗದೆ ಸುತ್ತುಬಳಸಿದ. ಕೂಟದವರು ಅಭ್ಯಾಸದಂತೆ ಒಕ್ಕೊರಲಿನಿಂದ ಹುತುತು ಹುತುತು ಎಂದು ಉಸಿರು ಹಿಡಿದರು. ಕೊನೆಯ ಗೆರೆಗೆ ಮೂರು ಮಾರು ಇರುವಾಗ ಪಕ್ಕದಿಂದ ಒಂದು ಬಂಡೆ ಬಂದು ಬಡಿಯಿತು. ಇಬ್ಬರೂ ಉರುಳಿದರು.

ಮೇಲಿದ್ದವನು ಐವರ್. ಕೆಳಗಿದ್ದವನ ಮುಖಕ್ಕೆ ಮಣ್ಣು ಮೆತ್ತಿತ್ತು. ಇಬ್ಬರಿಗೂ ಉಸಿರಿರಲಿಲ್ಲ.

“ಈಗ ಹಾಡು,” ಎಂದ ಐವರ್.

ಎಮ್ರಿಸ್ ಮಲಗಿದಲ್ಲೇ ಹಾಡತೊಡಗಿದ. ಅಣ್ಣ ಅವನ ಮೇಲಿಂದ ಏಳದೆ ಕೆಳಧ್ವನಿ ಸೇರಿಸಿದ, ಒಬ್ಬೊಬ್ಬರಾಗಿ ಮುದುಕರೆಲ್ಲ ಓಡುವುದು ನಿಲ್ಲಿಸಿ ದನಿಗೂಡಿಸಿದರು. ಪೆಂಬರ್ಟನ್ ಸೀಟಿ ಬಾಯಿಗಿಟ್ಟುಕೊಂಡ, ಊದಲಿಲ್ಲ. ಪದ್ಯದ ಮೇಲೆ ಪದ್ಯ ಸಾಗಿತು. ಗೆರೆಯ ಆಚೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ ಪ್ರಭಾಗೆ ಕೊನೆಗೂ ತಡೆಯಲಾಗಲಿಲ್ಲ.

“ಏಳ್ರೋ ಇಬ್ರೂ! ಹಾಡ ಆಮ್ಯಾಲೆ ಹಾಡೀರಂತ, ಮದಲ ಆ ಚಂಡ ಗೆರಿ ದಾಟ್ಸು ನೀ!”